“ಹೋತೇನು?” ಅಂತ ಕೇಳಬ್ಯಾಡ್ರಿ

ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ. ಈ ಸಲ ಕಿವೀ ವಿಷಯ. ಓದಿದ ಮ್ಯಾಲೆ ಒಬ್ಬಿಬ್ಬರಿಗೆ ನನ್ನ ಮ್ಯಾಲೆ ಸಿಟ್ಟು ಬಂದ್ರೂ ಅಡ್ಡಿ ಇಲ್ಲ, ಹೇಳೋದು ಹೇಳಿಬಿಡತೀನಿ.

ನನ್ನ ಕಿವ್ಯಾಗ ಸಪ್ಪಳ ಶುರು ಆಗಿ ನಾಕು ವರ್ಷ ಆತು ಅನ್ನೋದು ನಿಮಗೆಲ್ಲಾ ಗೊತ್ತದ. ಮದವಿ, ಮುಂಜಿವಿ, ಸತ್ಯನಾರಾಯಣ ಪೂಜಾ, ಎಲ್ಲೆ ಸಿಕ್ಕರೂ ನಿಮ್ಮ ಮೊದಲನೇ ಮಾತು ಒಂದ: “ಏನವಾ, ಕಿವೀದು ಹೋತೇನು?” ಇಲ್ಲ ಅಂದ ಕೂಡಲೆ ನಿಮ್ಮ ಮಾರಿ ಸಣ್ಣದಾಗತದ. ಆಮ್ಯಾಲೆ ಒಂದು ಎಣ್ಣಿ ಹೆಸರೋ, ಒಬ್ಬ ಡಾಕ್ಟರ್ ಹೆಸರೋ ಬರತದ. ನೀವು ಪ್ರೀತಿಯಿಂದ ಕೇಳತೀರಿ ಅನ್ನೋದರಾಗ ನನಗ ಎಳ್ಳಷ್ಟೂ ಸಂಶಯ ಇಲ್ಲ. ಆದ್ರೂ ಕೈ ಮುಗದು ಹೇಳತೀನಿ, ಅದೊಂದು ಪ್ರಶ್ನೆ ಇನ್ನ ಮುಂದ ಕೇಳಬ್ಯಾಡ್ರಿ. ನನಗಷ್ಟ ಅಲ್ಲ, ನಿಮ್ಮ ಮನ್ಯಾಗ, ಓಣ್ಯಾಗ ಈ ತ್ರಾಸು ಇದ್ದವರು ಯಾರಿದ್ರೂ ಅವರಿಗೂ ಕೇಳಬ್ಯಾಡ್ರಿ. ಯಾಕ ಅಂತ ಸಾವಕಾಶ ಹೇಳತೀನಿ, ಚಾ ಇಟಗೊಂಡು ಕೂಡ್ರಿ.

ಮೊದಲು ಇದೇನು ಅಂತ ತಿಳಕೊಳ್ಳೋಣ. ಡಾಕ್ಟರು ಇದಕ್ಕ ಟಿನ್ನಿಟಸ್ ಅಂತಾರ. ಕನ್ನಡ ಪುಸ್ತಕದಾಗ ಕಿವಿಮೊರೆತ ಅಂತ ಬರೀತಾರ. ಆಯುರ್ವೇದದಾಗ ಕರ್ಣನಾದ ಅಂತಾರ, ಸುಶ್ರುತ ಎಣಿಸಿದ 28 ಕಿವಿ ರೋಗದಾಗ ಇದೂ ಒಂದು. ಅಂದ್ರ ಇದು ಮೊಬೈಲ್ ಬಂದ ಮ್ಯಾಲೆ ಹುಟ್ಟಿದ ಹೊಸ ಬ್ಯಾನಿ ಅಲ್ಲ. ಹೊರಗ ಯಾವ ಸಪ್ಪಳಾನೂ ಇಲ್ಲದಾಗ ಕಿವ್ಯಾಗ ಅಥವಾ ತಲ್ಯಾಗ ಸಪ್ಪಳ ಕೇಳಸತದ, ಅಷ್ಟ. ಒಬ್ಬರಿಗೆ ಜೀರುಂಡಿ ಕೂಗಿಧಂಗ, ಒಬ್ಬರಿಗೆ ಕುಕ್ಕರ್ ಸೀಟಿ ಹೊಡಿಯೋ ಮುಂಚೆ ಸುಸ್ ಅಂತದಲ್ಲ ಹಂಗ, ಒಬ್ಬರಿಗೆ ದೂರದ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿಧಂಗ. ನಂದು ಹಳೇ ಟ್ಯೂಬ್‌ಲೈಟಿನ ಸಪ್ಪಳ. ಇಪ್ಪತ್ನಾಕು ತಾಸೂ ಅದ. ನಿಮ್ಮ ಜೋಡಿ ಮಾತಾಡೋವಾಗ ಅದರ ನೆನಪು ಇರೂದಿಲ್ಲ, ರಾತ್ರಿ ಲೈಟ್ ಆರಿಸಿದ ಕೂಡಲೆ “ನಾ ಇಲ್ಲೇ ಇದ್ದೀನಿ” ಅಂತದ.

ಇದು ನನಗೊಬ್ಬಾಕಿಗೆ ಬಂದದ್ದಲ್ಲ. ಬ್ಯಾರೆ ಬ್ಯಾರೆ ದೇಶದ ಅಧ್ಯಯನಗಳನ್ನ ಒಟ್ಟು ಹಾಕಿ 2022ರಾಗ ಒಂದು ಲೆಕ್ಕ ಪ್ರಕಟ ಆಗೇದ. ಅದರ ಪ್ರಕಾರ ದೊಡ್ಡವರೊಳಗ ನೂರಕ್ಕ ಸುಮಾರು 14 ಮಂದೀಗೆ ಒಂದಿಲ್ಲ ಒಂದು ತರಹ ಈ ಸಪ್ಪಳದ ಅನುಭವ ಅದ. ಜಗತ್ತಿನ ಲೆಕ್ಕ ಹಾಕಿದ್ರ 74 ಕೋಟಿಗಿಂತ ಹೆಚ್ಚು. ಅವರೊಳಗ ಸುಮಾರು 12 ಕೋಟಿ ಮಂದೀಗೆ ಅದು ದೊಡ್ಡ ತ್ರಾಸು ಕೊಡತದ. ಆ ಲೆಕ್ಕದಾಗ ನಮ್ಮ ಮನಿತನದ ಮದವ್ಯಾಗ ಒಂದು ಪಂಕ್ತಿಗೆ 50 ಮಂದಿ ದೊಡ್ಡವರು ಕೂತ್ರ ಏಳು ಮಂದೀಗೆ ಈ ಸಪ್ಪಳ ಗೊತ್ತಿರಬೇಕು. ಆ ಏಳು ಮಂದಿ ಯಾರು ಅಂತ ನಿಮಗ ಗೊತ್ತದ ಏನು? ನನಗೂ ಗೊತ್ತಿಲ್ಲ. ಯಾರೂ ಹೇಳೂದಿಲ್ಲ.

ಇನ್ನ ಸಪ್ಪಳ ಎಲ್ಲಿಂದ ಬರತದ? ನಮ್ಮ ಒಳಗಿವ್ಯಾಗ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಅದ. ಅದರೊಳಗ ಸುಮಾರು 15 ಸಾವಿರ ಸಣ್ಣ ಸಣ್ಣ ಕೂದಲ ಕೋಶ ಇರತಾವ. ಹೊರಗಿನ ಧ್ವನಿ ಬಂದು ಅವನ್ನ ಅಲ್ಲಾಡಿಸಿದ್ರ ಮೆದುಳಿಗೆ ಸುದ್ದಿ ಹೋಗತದ. ವಯಸ್ಸಾದ ಹಂಗ, ದೊಡ್ಡ ಗದ್ದಲದಾಗ ಭಾಳ ದಿನ ಇದ್ದ ಹಂಗ, ಇಲ್ಲಾ ಕೆಲವು ಔಷಧದಿಂದ ಆ ಕೋಶ ಸಾಯತಾವ. ಮನುಷ್ಯರಿಗೆ ಒಮ್ಮೆ ಸತ್ತ ಕೋಶ ಹೊಳ್ಳಿ ಬೆಳೆಯೂದಿಲ್ಲ. ಆವಾಗ ಮೆದುಳಿಗೆ ಆ ಭಾಗದಿಂದ ಸುದ್ದಿ ಬರೋದು ಕಮ್ಮಿ ಆಗತದ. ಮೆದುಳು ಏನು ಮಾಡತದ ಅಂದ್ರ ತನ್ನ ವಾಲ್ಯೂಮ್ ಏರಿಸ್ಕೋತದ. ಮೊದಲು ನಾವು ರೇಡಿಯೋದಾಗ ಧಾರವಾಡ ಆಕಾಶವಾಣಿ ಹಚ್ಚತಿದ್ದಿವಲ್ಲ, ಸ್ಟೇಶನ್ ಸರಿಯಾಗಿ ಸಿಗಲಿಲ್ಲಾಂದ್ರ ವಾಲ್ಯೂಮ್ ಏರಿಸಿ ತಿರುವತಿದ್ದಿವಿ. ಹಾಡು ಸಿಗತಿದ್ದಿಲ್ಲ, ಬರೇ ಸರ್ ಅನ್ನೋ ಸಪ್ಪಳ ದೊಡ್ಡದಾಗತಿತ್ತು. ಹೆಚ್ಚೂಕಮ್ಮಿ ಹಂಗ ಇದೂ. ಅದಕ್ಕ ಈ ಸಪ್ಪಳ ಇದ್ದವರೊಳಗ ಭಾಳ ಮಂದೀಗೆ ಸೊಲ್ಪರೆ ಕಿವುಡು ಇರತದ. ಅದು ಅವರಿಗ ಗೊತ್ತಿರೂದಿಲ್ಲ.

ಇನ್ನೊಂದು ಮಾತು ಹೇಳತೀನಿ. 1953ರಾಗ ಅಮೆರಿಕಾದಾಗ ಹೆಲ್ಲರ್ ಮತ್ತ ಬರ್ಗ್‌ಮನ್ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದ್ರು. ಕಿವಿ ಸರಿ ಇದ್ದ 80 ಮಂದೀನ್ನ ಒಬ್ಬೊಬ್ಬರನ್ನಾಗಿ ಹೊರಗಿನ ಸಪ್ಪಳ ಬರಲಾರದಂಥ ಕೋಣ್ಯಾಗ ಕೂಡಿಸಿ, ಏನು ಕೇಳಸತದ ಹೇಳ್ರಿ ಅಂದ್ರು. ನೂರಕ್ಕ 94 ಮಂದಿ ಏನೋ ಒಂದು ಸಪ್ಪಳ ಕೇಳಸತದ ಅಂದ್ರು! ಅಂದ್ರ ಪೂರಾ ಮೌನ ಅನ್ನೋದು ನಿಮಗೂ ಇಲ್ಲ. ನಿಮ್ಮೊಳಗಿನ ಸಪ್ಪಳ ಸಣ್ಣದು, ಅದರ ಮ್ಯಾಲೆ ಲೋಕದ ಗದ್ದಲದ ಹೊದಿಕಿ ಅದ. ನನ್ನ ಹೊದಿಕಿ ಸೊಲ್ಪ ಹರದದ.

ಈಗ ಮುಖ್ಯ ಮಾತಿಗೆ ಬರತೀನಿ. ನನ್ನ ನೋಡಿದ ಒಬ್ಬ ಡಾಕ್ಟರು ಎರಡು ನಿಮಿಷದಾಗ “ಇದಕ್ಕ ಔಷಧ ಇಲ್ಲ, ಹೊಂದಿಕೊಂಡು ಹೋಗ್ರಿ” ಅಂತ ಹೇಳಿ ಮುಂದಿನವರನ್ನ ಕರದ್ರು. ಅವರು ಹೇಳಿದ ಮೊದಲನೇ ಅರ್ಧ ಖರೆ. ಈ ಸಪ್ಪಳನ ಪೂರಾ ಬಂದ್ ಮಾಡೋ ಗುಳಿಗಿ ಇವತ್ತಿನ ತನಕಾ ಇಲ್ಲ. ಆದ್ರ “ಹೊಂದಿಕೊಂಡು ಹೋಗ್ರಿ” ಅನ್ನೋದು ಹ್ಯಾಂಗ ಅಂತ ಅವರು ಹೇಳಲಿಲ್ಲ. ಸೊಸಿಗೆ “ಅತ್ತೀ ಜೋಡಿ ಹೊಂದಿಕೊಂಡು ಹೋಗು” ಅಂತ ತವರಿನವರು ಹೇಳಿ ಬಸ್ ಹತ್ತಿಸಿಧಂಗ ಆತು.

“ಗುಣ ಆಗೂದಿಲ್ಲ” ಅನ್ನೋದಕ್ಕೂ “ಏನೂ ಮಾಡಲಿಕ್ಕೆ ಬರೂದಿಲ್ಲ” ಅನ್ನೋದಕ್ಕೂ ಭಾಳ ಫರಕ್ ಅದ. ನಮ್ಮ ಮನಿಗಳೊಳಗ ಈ ಎರಡೂ ಒಂದ ಅಂತ ತಿಳಕೊಂಡುಬಿಡತೀವಿ. ಹಂಗಂತ ಎಲ್ಲಾ ಬ್ಯಾನಿಗೂ ಹಿಂಗ ಮಾಡೂದಿಲ್ಲ ಮತ್ತ. ನಲವತ್ತಕ್ಕ ಚಾಳೀಸು ಬಂತು, ಚಸ್ಮಾ ಹಾಕ್ಕೊಂಡಿವಿ. ಯಾರರೆ ಬಂದು “ಏನ್ರಿ ವೈನಿ, ಚಾಳೀಸು ಹೋತೇನು?” ಅಂತ ಕೇಳತಾರೇನು? ಸಕ್ಕರಿ ಬ್ಯಾನಿ ಇದ್ದವರಿಗೆ “ಕಂಟ್ರೋಲ್‌ದಾಗ ಅದ ಏನು?” ಅಂತ ಕೇಳತೀವಿ. ಅದು ಜೋಡೀಲೇ ಇರೋದು ಅಂತ ಒಪ್ಪಿಕೊಂಡ ಕೇಳತೀವಿ. ಕಿವೀಗಷ್ಟ ಯಾಕ ಈ ಮಲತಾಯಿ ಧೋರಣಿ? ಕಣ್ಣಿಗೆ ಕಾಣೂದಿಲ್ಲ, ಅದಕ್ಕ. ಚಸ್ಮಾ ಕಾಣತದ, ಇನ್ಸುಲಿನ್ ಸೂಜಿ ಕಾಣತದ. ನನ್ನ ತಲ್ಯಾಗಿನ ಟ್ಯೂಬ್‌ಲೈಟು ನನಗಷ್ಟ ಗೊತ್ತು.

“ಹೋತೇನು?” ಅಂತ ಕೇಳಿದ್ರ ಏನು ಕೆಡತದ ಅಂತ ನೀವು ಅನ್ನಬಹುದು. ಕೆಡತದ. ನೀವು ಕೇಳಿದ ಕೂಡಲೆ ನನ್ನ ಲಕ್ಷ ಕಿವೀಗೆ ಹೋಗತದ. ಅದ ಏನು? ಅದ. ನಿನ್ನೆಗಿಂತ ಜಾಸ್ತಿ ಏನು? ಅಲ್ಲಿ ತನಕಾ ಕೋಸಂಬರಿ ಹೆಚ್ಚಿಕೋತ ನಿಮ್ಮ ಮಗಳ ಪರೀಕ್ಷಾ ಸುದ್ದಿ ಕೇಳಕೋತ ಮರತಿದ್ದೆ, ಈಗ ಹೊಳ್ಳಿ ಶುರು ಆತು. ಇದು ನನ್ನ ಕಲ್ಪನಾ ಅಲ್ಲ. ಜಾಸ್ಟ್ರೆಬಾಫ್ ಅನ್ನೋ ವಿಜ್ಞಾನಿ 1990ರಾಗ ಇದನ್ನ ಒಂದು ಸಿದ್ಧಾಂತ ಮಾಡಿ ಬರದಾನ. ಅವನ ಪ್ರಕಾರ ಸಪ್ಪಳಕ್ಕಿಂತ, ಆ ಸಪ್ಪಳನ ಮೆದುಳು ಅಪಾಯದ ಗಂಟಿ ಅಂತ ತಿಳಕೊಳ್ಳೋದ ಹೆಚ್ಚಿನ ತ್ರಾಸು. ಅಪಾಯ ಅಂತ ಅನಿಸಿದ್ದನ್ನ ಮೆದುಳು ಕಾಯತದ. ಕಾಯದಷ್ಟೂ ಕೇಳಸತದ. ಅಪಾಯ ಇಲ್ಲ ಅಂತ ಖಾತ್ರಿ ಆದ ಮ್ಯಾಲೆ ಸಾವಕಾಶ ಬಿಟ್ಟುಬಿಡತದ. ಹಿಟ್ಟಿನ ಗಿರಣಿ ಬಾಜೂಕ ಮನಿ ಮಾಡಿದವರಿಗೆ ಆರು ತಿಂಗಳಾದ ಮ್ಯಾಲೆ ಗಿರಣಿ ಸಪ್ಪಳ ಕೇಳಸೂದಿಲ್ಲ ಅಂತಾರಲ್ಲ, ಹಂಗ. ಗಿರಣಿ ನಿಂತಿರೂದಿಲ್ಲ, ಕಿವೀನೂ ಕೆಟ್ಟಿರೂದಿಲ್ಲ. ಆದ್ರ ಆ ಮನೀಗೆ ದಿನಾ ಒಬ್ಬೊಬ್ಬರು ಬಂದು “ಗಿರಣಿ ಬಂದ್ ಆತೇನು? ಇನ್ನೂ ಇಲ್ಲೇನು? ಅಯ್ಯ ಪಾಪ!” ಅಂದ್ರ ಅವರಿಗೆ ರೂಢಿ ಆಗೋದು ಯಾವಾಗ?

ಕಿವ್ಯಾಗ ಕೇಳಸೋ ಸಪ್ಪಳದ ಎತ್ತರ ಅಳೀಲಿಕ್ಕೆ ಬರತದ. ಹೊರಗಿನ ಒಂದು ಧ್ವನಿ ಕೇಳಸಿ, ಇದು ನಿಮ್ಮದರಷ್ಟ ಅದ ಏನು ಅಂತ ಹೊಂದಿಸಿ ನೋಡತಾರ. ಹಂಗ ಅಳದಾಗ ಭಾಳ ಮಂದೀದು ಅವರ ಕಿವೀಗೆ ಕೇಳಸೋ ಸಣ್ಣ ಧ್ವನಿಗಿಂತ ಕೆಲವ ಡೆಸಿಬಲ್ ಅಷ್ಟ ಮ್ಯಾಲಿರತದ. ಅಷ್ಟ ಸಣ್ಣ ಸಪ್ಪಳ ಒಬ್ಬರಿಗೆ ಏನೂ ಅನಸೂದಿಲ್ಲ, ಇನ್ನೊಬ್ಬರ ನಿದ್ದಿ ಕೆಡಸತದ. ಹಂಗಾದ್ರ ಎಲ್ಲಾ ಮನಸಿಂದ ಅಂದಂಗ ಆತಲ್ಲಾ ಅಂತ ನಮ್ಮ ನಾದಿನಿ ಅಂದ್ಲು. ಅಲ್ಲವಾ. ಹಲ್ಲು ನೋವು ಹಗಲಿಗಿಂತ ರಾತ್ರಿ ಜಾಸ್ತಿ ಅನಸತದ, ಅದಕ್ಕ ಹಲ್ಲು ನೋವು ಸುಳ್ಳಾತೇನು? ಸಪ್ಪಳ ಖರೆ, ತ್ರಾಸೂ ಖರೆ. ಸಪ್ಪಳದ ಮ್ಯಾಲೆ ನಮ್ಮ ಕೈ ನಡಿಯೂದಿಲ್ಲ, ತ್ರಾಸಿನ ಮ್ಯಾಲೆ ಥೋಡೆ ನಡೀತದ. ನಾ ಹೇಳೋದು ಇಷ್ಟ.

ಇನ್ನ ನೀವು ಕೊಟ್ಟ ಔಷಧಗಳ ವಿಷಯ. ಬೆಳ್ಳುಳ್ಳಿ ಕಾಸಿದ ಎಣ್ಣಿ ಕಿವೀಗೆ ಬಿಡು ಅಂತ ಮೂರು ಮಂದಿ ಹೇಳಿದ್ರು. ಇನ್ನೊಬ್ಬರು ಹಸೀ ಉಳ್ಳಾಗಡ್ಡಿ ರಸ ಅಂದ್ರು. ಒಳಗಿವೀ ಕೋಶ ಸತ್ತಿದ್ದಕ್ಕ ಹೊರಗಿವೀಗೆ ಎಣ್ಣಿ ಬಿಟ್ರ ಅದು ಅಲ್ಲಿ ಮುಟ್ಟೂದ ಇಲ್ಲ, ನಡುವ ಪರದಿ ಅದ. ಆ ಪರದಿ ತೂತಾಗಿದ್ರಂತೂ ಎಣ್ಣಿ ಒಳಗ ಹೋಗಿ ಸೋರಲಿಕ್ಕೆ ಹತ್ತತದ. ಕಿವಿ ತುಂಬ ಗುಗ್ಗಿ ಕೂತು ಅದಕ್ಕ ಗುಂಯ್ ಅನ್ನೋವರೂ ಇದ್ದಾರ. ಅದು ತಗಿಸಿದ್ರ ಆರಾಮ ಆಗತದ. ಆದ್ರ ತಗಿಯೋದು ಡಾಕ್ಟರ ಕೆಲಸ, ಹೇರ್‌ಪಿನ್ನಿಂದಲ್ಲ, ರಸ್ತಾದಾಗ ಕಿವಿ ಸ್ವಚ್ಛ ಮಾಡೋವರದೂ ಅಲ್ಲ.

ಔಷಧದ ಅಂಗಡ್ಯಾಗ, ಫೋನಿನ ಜಾಹೀರಾತಿನ್ಯಾಗ “ಕಿವಿಮೊರೆತಕ್ಕ ಖಾತ್ರಿ ಪರಿಹಾರ” ಅಂತ ಜಿಂಕ್, ಗಿಂಕ್ಗೊ ಗುಳಿಗಿ ಮಾರತಾರ. ಅಮೆರಿಕಾದ ಕಿವಿ ಮೂಗು ಗಂಟಲು ಡಾಕ್ಟರ ಸಂಘ 2014ರಾಗ ಹೊರಡಿಸಿದ ಮಾರ್ಗಸೂಚಿಯೊಳಗ ಟಿನ್ನಿಟಸ್‌ಗೆ ಈ ಗಿಂಕ್ಗೊ, ಜಿಂಕ್ ಬರಕೊಡಬ್ಯಾಡ್ರಿ ಅಂತ ಸಾಫ್ ಹೇಳೇದ. ಇಂಗ್ಲಂಡಿನ ಆರೋಗ್ಯ ಮಾರ್ಗಸೂಚಿ 2020ರಾಗ ಬೀಟಾಹಿಸ್ಟಿನ್ ಗುಳಿಗೀನೂ ಬರೇ ಟಿನ್ನಿಟಸ್‌ಗೆ ಕೊಡಬ್ಯಾಡ್ರಿ ಅಂದದ. ತಲಿ ಗರ ಗರ ತಿರಗೋ ಬ್ಯಾನಿಗೆ ಡಾಕ್ಟರು ಅದನ್ನ ಕೊಟ್ಟಿದ್ರ ಅದು ಬ್ಯಾರೆ ಮಾತು, ನನ್ನ ಮಾತು ಕೇಳಿ ಬಿಡಬ್ಯಾಡ್ರಿ. ನನ್ನ ಹೊಟ್ಟಿ ಉರಿಯೋದು ಎಲ್ಲೆ ಅಂದ್ರ, ಕಿವಿ ಟೆಸ್ಟ್ ಮಾಡಸಲಿಕ್ಕೆ “ಈ ತಿಂಗಳ ಬ್ಯಾಡ, ನೋಡೋಣ” ಅನ್ನೋ ಮನ್ಯಾಗ ಇಂಥ ಡಬ್ಬಿ ಮ್ಯಾಲೆ ಡಬ್ಬಿ ಬರತಾವ.

ನಮ್ಮ ಮಾವಶಿ ಒಬ್ಬರು ಮಾತ್ರ ಔಷಧ ಹೇಳಲಿಲ್ಲ. “ಹುಚ್ಚಿ, ಅದು ಅನಾಹತ ನಾದ. ಯೋಗಿಗಳು ತಪಸ್ಸು ಮಾಡಿ ಕೇಳತಾರ, ನಿನಗ ಪುಕ್ಕಟೆ ಸಿಕ್ಕದ” ಅಂದ್ರು. ನನಗ ನಗು ಬಂತು. ಹಠಯೋಗಪ್ರದೀಪಿಕಾದ ನಾಕನೇ ಉಪದೇಶದಾಗ ನಾದಾನುಸಂಧಾನದ ವಿಷಯ ಅದ ಅನ್ನೋದು ಖರೆ. ಕಿವಿ ಮುಚಗೊಂಡು ಕೂತ ಯೋಗಿಗೆ ಮೊದಲು ಸಮುದ್ರ, ಮೋಡ, ಭೇರಿಯಂಥ ಸಪ್ಪಳ, ಕಡೀಕ ಕೊಳಲು, ವೀಣಾ, ದುಂಬಿಯಂಥಾದ್ದು ಕೇಳಸತದ ಅಂತ ಅದರಾಗ ಹೇಳ್ಯಾರ. ನಾ ಯೋಗಿ ಅಲ್ಲ ಮಾವಶಿ, ನನಗ ಮುಂಜಾನೆ ಐದಕ್ಕ ಎದ್ದು ಡಬ್ಬಿ ಕಟ್ಟೋದದ. ಆದ್ರೂ ಆ ಮಾತು ನನ್ನ ಮನಸಿನ್ಯಾಗ ಉಳೀತು. ಒಳಗಿನ ಸಪ್ಪಳ ಅವನೂ ಕೇಳತಾನ, ನಾನೂ ಕೇಳತೀನಿ. ಅವನು ಅಂಜೂದಿಲ್ಲ. ಉಳದ ಎಲ್ಲಾ ಸಲಹಾಕ್ಕಿಂತ ಮಾವಶಿ ಚ್ಯಾಷ್ಟಿನ ಹೆಚ್ಚು ಕೆಲಸಕ್ಕ ಬಂತು ಅಂತ ಹೇಳಬೇಕು.

ಹಂಗಾದ್ರ ಏನು ಮಾಡಬೇಕು? ನಾ ಓದಿದ್ದು, ಕಿವಿ ಪರೀಕ್ಷಾ ಮಾಡಿದ ಹುಡುಗಿ ತಿಳಿಸಿ ಹೇಳಿದ್ದು, ಮನ್ಯಾಗ ಮಾಡಕೊಂಡದ್ದು ಹೇಳತೀನಿ.

ಮೊದಲನೇದು ಕಿವಿ ಪರೀಕ್ಷಾ. ಹೆಡ್‌ಫೋನ್ ಹಾಕಿ ಒಂದು ಗಾಜಿನ ಕೋಣ್ಯಾಗ ಕೂಡಸತಾರ, ಸಣ್ಣ ಸಣ್ಣ ಪೀಂ ಪೀಂ ಕೇಳಿದಾಗ ಗುಂಡಿ ಒತ್ತಬೇಕು. ನೋವು ಇಲ್ಲ, ಸೂಜಿ ಇಲ್ಲ. ಕಿವುಡು ಇದ್ದದ್ದು ಗೊತ್ತಾದ್ರ ಕಿವಿ ಮಷಿನ್ ಹಾಕೋದು. ಮಷಿನ್ ಹಾಕಿದ ಮ್ಯಾಲೆ ಹೊರಗಿನ ಧ್ವನಿ ಚೆಂದ ಒಳಗ ಬರತದ, ಭಾಳ ಮಂದೀಗೆ ಒಳಗಿನ ಸಪ್ಪಳ ಹಿಂದ ಸರೀತದ. ಆ 2014ರ ಮಾರ್ಗಸೂಚಿಯೊಳಗೂ ಕಿವುಡು ಇದ್ದವರಿಗೆ ಇದನ್ನ ಶಿಫಾರಸು ಮಾಡ್ಯಾರ. ಮೈಸೂರಿನ ಮಾನಸಗಂಗೋತ್ರಿಯೊಳಗ ಕೇಂದ್ರ ಸರ್ಕಾರದ್ದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದ. ಆ ಕಡೆ ಮಕ್ಕಳು, ಬೀಗರು ಇದ್ದವರು ಹೋದಾಗ ತೋರಿಸಿಕೊಂಡು ಬರಬಹುದು.

ಎರಡನೇದು ಮೌನದ ಬೆನ್ನು ಹತ್ತಬಾರದು. ಸಪ್ಪಳ ಇದ್ದಾಕಿಗೆ ಶಾಂತ ಕೋಣಿ ಕೊಟ್ಟು ಬಾಗಲಾ ಹಾಕಿದ್ರ ಉಪಕಾರ ಮಾಡಿಧಂಗ ಅಂತ ಮಂದಿ ತಿಳೀತಾರ. ಅಲ್ಲೇ ಅದು ಜೋರಾಗಿ ಕೇಳಸತದ. ಹಗಲೆಲ್ಲಾ ಕಿವ್ಯಾಗ ಹತ್ತಿ ತುಂಬಿಕೊಂಡು ಅಡ್ಯಾಡೋದೂ ಒಳ್ಳೇದಲ್ಲ. ಸಣ್ಣ ಸಪ್ಪಳ ಒಂದು ಸುತ್ತಮುತ್ತ ಇರಬೇಕು: ಫ್ಯಾನು, ಸಣ್ಣಗ ರೇಡಿಯೋ, ಫೋನಿನ್ಯಾಗ ಮಳಿ ಸಪ್ಪಳ. ಒಳಗಿನ ಸಪ್ಪಳನ ಪೂರಾ ಮುಚ್ಚೋವಷ್ಟು ಜೋರು ಬ್ಯಾಡ, ಅದರಕಿಂತ ಒಂಚೂರು ಕಮ್ಮಿ ಇಟ್ರ ಮೆದುಳು ಎರಡೂ ಕೂಡೇ ಕೇಳಿ ರೂಢಿ ಮಾಡ್ಕೋತದ. ನಮ್ಮ ಮನ್ಯಾಗ ದೊಡ್ಡ ಜಗಳ ನಡದದ್ದ ಫ್ಯಾನಿನ ಮ್ಯಾಲೆ. ಡಿಸೆಂಬರ್ ತಿಂಗಳ ಥಂಡ್ಯಾಗ ನಮ್ಮ ಮನಿಯವರು ಫ್ಯಾನ್ ಆರಿಸೋದು, ನಾ ಹಚ್ಚೋದು. ಕಡೀಕ ಟೇಬಲ್ ಫ್ಯಾನ್ ಒಂದನ್ನ ಗ್ವಾಡಿ ಕಡೆ ಮಾರಿ ತಿರುಗಿಸಿ ಇಟ್ಟಿವಿ. ಗಾಳಿ ಅವರಿಗೆ ಬಡಿಯೂದಿಲ್ಲ, ಸಪ್ಪಳ ನನಗ ಸಿಗತದ. ಯಾವ ದವಾಖಾನ್ಯಾಗೂ ಈ ಔಷಧ ಬರಕೊಡೂದಿಲ್ಲ ನೋಡ್ರಿ.

ಮೂರನೇದು ಮಾತಿನ ಚಿಕಿತ್ಸಾ. ಸಿಬಿಟಿ ಅಂತಾರ. ಮನಃಶಾಸ್ತ್ರ ಓದಿದವರ ಜೋಡಿ ಕೂತು, ಸಪ್ಪಳ ಕೇಳಿದ ಕೂಡಲೆ ಮನಸಿನ್ಯಾಗ ಏಳೋ “ಇನ್ನ ನನ್ನ ಬಾಳೇ ಮುಗೀತು” ಅನ್ನೋ ಥರದ ವಿಚಾರನ ಹಿಡದು ನೋಡೋದು, ಅದು ಖರೆ ಏನು ಅಂತ ಕೇಳಕೊಳ್ಳೋದು. ಇದರಿಂದ ಸಪ್ಪಳ ಸಣ್ಣದಾಗೂದಿಲ್ಲ, ತ್ರಾಸು ಕಮ್ಮಿ ಆಗತದ. ಸಂಶೋಧನಾದಾಗ ಇದಕ್ಕ ಒಳ್ಳೆ ಆಧಾರ ಸಿಕ್ಕದ. ಮಾನಸಿಕ ಡಾಕ್ಟರ ಕಡೆ ಹೋದ್ರ ಹುಚ್ಚು ಅಂತಾರ ಅಂತ ಅಂಜಬ್ಯಾಡ್ರಿ. ನಿದ್ದಿ ಇಲ್ಲದ ಮನುಷ್ಯರ ಗತಿ ಏನು ಅನ್ನೋದು ಕೂಸು ಬೆಳಸಿದ ನಮಗೆಲ್ಲಾ ಗೊತ್ತದ.

ನಾಕನೇದು, ಉಳದ ಕಿವಿ ಕಾಯಕೊಳ್ಳೋದು. 85 ಡೆಸಿಬಲ್ ಸಪ್ಪಳದಾಗ ದಿನಕ್ಕ 8 ತಾಸು ಇರಬಹುದು ಅಂತ ಒಂದು ಲೆಕ್ಕ ಅದ. ಪ್ರತಿ 3 ಡೆಸಿಬಲ್ ಏರಿದ್ರ ಹೊತ್ತು ಅರ್ಧ ಆಗತದ. 100 ಡೆಸಿಬಲ್‌ಗೆ ಬಂದ್ರ ಬರೇ 15 ನಿಮಿಷ. ಗಣಪತಿ ಮೆರವಣಿಗಿ ಡಿಜೆ ಎದುರಿಗೆ ಕೂಸು ಎತಗೊಂಡು ನಿಂದ್ರೋ ತಾಯಂದಿರು ಇದನ್ನ ನೆನಪಿಡ್ರಿ. ಮದವೀ ಕಾರ್ಯಾಲಯದಾಗ ಸ್ಪೀಕರ್ ಬಾಜೂ ಕುರ್ಚಿ ಬಿಟ್ಟು ಹಿಂದ ಕೂಡ್ರಿ.

ಇಷ್ಟೆಲ್ಲಾ ನಾ ಯಾಕ ಬರದೆ ಅಂದ್ರ ನಮ್ಮ ಓಣಿ ಕಾಕು ಸಲುವಾಗಿ. ಅವರು ಬನಹಟ್ಟಿಯವರು. ಲಗ್ನ ಆದಾಗಿಂದ ಮಗ್ಗದ ನಡುವನ ಬದುಕು. ಮನೀ ಮುಂದಿನ ಖೋಲ್ಯಾಗ ವಿದ್ಯುತ್ ಮಗ್ಗ, ಹಿಂದ ಒಲಿ. ಈಗ ಮಗನ ಕಡೆ ಇಲ್ಲೆ ಬಂದಾರ. ನಾ ನನ್ನ ಕಿವೀ ಸುದ್ದಿ ಹೇಳೋವಾಗ ಸುಮ್ಮನ ಕೇಳಿ, ಕಡೀಕ ಸಣ್ಣ ಧ್ವನಿಲೆ ಅಂದ್ರು: “ಮಗ್ಗ ಮಾರಿ ಹದಿನೈದು ವರ್ಷ ಆತವಾ. ನನ್ನ ಕಿವ್ಯಾಗ ಇನ್ನೂ ನಡದೈತಿ. ಯಾರ ಮುಂದ ಹೇಳ್ಲಿ? ಹೇಳಿದ್ರ ಮುದುಕಿಗೆ ತಲಿ ಕೆಟ್ಟೈತಿ ಅಂತಾರ.” ಹದಿನೈದು ವರ್ಷ! ಸೊಸಿ ಕರದಾಗ ಓ ಅನ್ನೂದಿಲ್ಲ, ಅತ್ತೀಗೆ ಸೊಕ್ಕು ಅಂತ ಆ ಹುಡುಗಿ ತಿಳಕೊಂಡಿದ್ಲು. ಸೊಸಿ ಸಣ್ಣಗ ಏನೋ ಅಂತಾಳ, ನನ್ನ ಬಗ್ಗೆನ ಅಂತಾಳ ಅಂತ ಇವರು ತಿಳಕೊಂಡಿದ್ರು. ಇಬ್ಬರ ನಡುವ ಒಂದು ಮಗ್ಗ ಹೊಡಕೋತ ಇತ್ತು, ಇಬ್ಬರಿಗೂ ಅದರ ಸುದ್ದಿ ಇರಲಿಲ್ಲ. ಪರೀಕ್ಷಾ ಮಾಡಿಸಿದಾಗ ಎರಡೂ ಕಿವಿ ಅರ್ಧಕ್ಕ ಅರ್ಧ ಹೋಗಿದ್ದು ಗೊತ್ತಾತು. ಈಗ ಮಷಿನ್ ಹಾಕ್ಕೋತಾರ. ಮಗ್ಗ ನಿಂತಿಲ್ಲ. ಆದ್ರ ಸೊಸಿ ಎದುರಿಗೆ ಬಂದು ಮಾರಿ ನೋಡಿ ಮಾತಾಡತಾಳ.

ಹೇಳಲಾರದ ಇರೋದು ಬಡವರ ಮುದುಕಿದಷ್ಟ ಕಥಿ ಅಲ್ಲ. ಬೀಥೋವನ್ ಅಂತ ಜರ್ಮನಿಯ ದೊಡ್ಡ ಸಂಗೀತಗಾರ ಇದ್ದ. ಹಗಲೂ ರಾತ್ರಿ ಕಿವಿ ಗುಂಯ್‌ಗುಡತದ ಅಂತ 1801ರಾಗ ಡಾಕ್ಟರ್ ಆಗಿದ್ದ ಗೆಳ್ಯಾಗ ಪತ್ರ ಬರದಾನ. ನನಗ ಕಿವಿ ಕೇಳಸೂದಿಲ್ಲ ಅಂತ ಮಂದಿ ಮುಂದ ಹೇಳಲಿಕ್ಕೆ ಆಗಲಾರದ ಎರಡು ವರ್ಷ ನಾಕು ಮಂದಿ ಕೂಡೋ ಕಡೆ ಹೋಗೋದ ಬಿಟ್ಟಿದ್ದ. ಅಂಥವನಿಗೂ ಹೇಳೋದು ಕಷ್ಟ ಆಗಿತ್ತು ಅಂದ ಮ್ಯಾಲೆ ಅಡಿಗಿ ಮನ್ಯಾಗಿನ ನಮ್ಮ ಪಾಡೇನು?

ಅದಕ್ಕ ಸಪ್ಪಳ ಇದ್ದವರಿಗೆ ನಾ ಹೇಳೋದು: ಒಂದು ಸಲ ಮನೀ ಮಂದೀನ್ನೆಲ್ಲಾ ಕೂಡಿಸಿ ಪೂರಾ ಹೇಳ್ರಿ. ಹಿಂಗದ, ಇದು ಹೋಗಲಿಕ್ಕಿಲ್ಲ, ನನಗ ರಾತ್ರಿ ಫ್ಯಾನ್ ಬೇಕು, ಹಿಂದಿಂದ ಕರೀಬ್ಯಾಡ್ರಿ, ಟಿವಿ ಮತ್ತ ಮಿಕ್ಸರ್ ಒಮ್ಮೆಲೆ ಹಚ್ಚಬ್ಯಾಡ್ರಿ. ಆಮ್ಯಾಲೆ ದಿನಾ ಅದರ ಸುದ್ದಿ ಬ್ಯಾಡ. ಮನಿಯವರಿಗೆ ಹೇಳೋದು: ನಂಬ್ರಿ, ವ್ಯವಸ್ಥಾ ಮಾಡ್ರಿ, ಮತ್ತ ಬ್ಯಾರೆ ಪ್ರಶ್ನೆ ಕೇಳ್ರಿ. “ರಾತ್ರಿ ನಿದ್ದಿ ಆತೇನು?” ಅಂತ ಕೇಳ್ರಿ. “ಈ ಗದ್ದಲದಾಗ ಕೂಡ್ರೋದು ಬ್ಯಾಡ, ಹೊರಗ ಕಟ್ಟಿ ಮ್ಯಾಲೆ ಕೂಡೋಣೇನು?” ಅಂತ ಕೇಳ್ರಿ. ಅವಕ್ಕ ನಾ ಖುಷಿಲೆ ಉತ್ತರ ಕೊಡತೀನಿ. “ಹೋತೇನು?” ಅನ್ನೋದಕ್ಕ ನನ್ನ ಹತ್ರ ಒಂದ ಉತ್ತರ ಅದ, ಅದನ್ನ ಹೇಳಿ ಹೇಳಿ ನಿಮ್ಮ ಮಾರಿ ಸಣ್ಣ ಮಾಡೋದು ನನಗ ಸಾಕಾಗೇದ.

ಹಿಂಗ ಬರದೆ ಅಂತ ಕಿವ್ಯಾಗ ಸಪ್ಪಳ ಬಂದ ಎಲ್ಲಾರೂ ಸುಮ್ಮನ ಮನ್ಯಾಗ ಕೂಡಬ್ಯಾಡ್ರಿ ಮತ್ತ. ಒಂದ ಕಿವ್ಯಾಗ ಅಷ್ಟ ಸಪ್ಪಳ ಇದ್ರ, ಎದಿ ಬಡದಂಗ ಧಕ್ ಧಕ್ ಅಂತ ತಾಳ ಹಾಕಿ ಬರತಿದ್ರ, ಜೋಡೀಲೇ ತಲಿ ತಿರಗಿದ್ರ, ಮಾರಿ ಒಂದು ಕಡೆ ಸೊಟ್ಟ ಆದ್ರ ಡಾಕ್ಟರಿಗೆ ತೋರಸಲೇಬೇಕು. ರಾತ್ರಿ ಮಲಗಿ ಮುಂಜಾನೆ ಏಳೂದ್ರಾಗ ಒಂದು ಕಿವಿ ಕೇಳಸಲಾರದಂಗ ಆಗಿದ್ರ ಅವತ್ತ ಹೋಗ್ರಿ. ಅದಕ್ಕ ಔಷಧ ಅದ, ತಡ ಮಾಡಿದಷ್ಟೂ ಕಿವಿ ಹೊಳ್ಳಿ ಬರೋ ಆಸೆ ಕಮ್ಮಿ. ಸಪ್ಪಳ ಹೊಸದಾಗಿ ಶುರು ಆದಾಗ ಯಾವ ಗುಳಿಗಿ ತಗೋತೀರಿ ಅಂತ ಚೀಟಿ ಬರಕೊಂಡು ಹೋಗ್ರಿ. ಆಸ್ಪಿರಿನ್ ಭಾಳ ಹೆಚ್ಚು ತಗೊಂಡ್ರ, ಕೆಲವು ಆ್ಯಂಟಿಬಯೋಟಿಕ್ ಇಂಜೆಕ್ಷನ್‌ನಿಂದ, ಕ್ಯಾನ್ಸರಿನ ಕೆಲವು ಔಷಧದಿಂದ ಹಿಂಗ ಆಗೋದುಂಟು. ನಿಮ್ಮಷ್ಟಕ್ಕ ನೀವ ಗುಳಿಗಿ ಬಿಡಬ್ಯಾಡ್ರಿ, ಡಾಕ್ಟರಿಗೆ ಕೇಳ್ರಿ.

ಇನ್ನೊಂದು ಮಾತು, ಇದನ್ನ ಹಗುರಾಗಿ ತಗೋಬ್ಯಾಡ್ರಿ. ನಿದ್ದಿ ಇಲ್ಲದ ರಾತ್ರ್ಯಾಗ “ಇದರಕಿಂತ ಸಾಯೋದು ಮೇಲು” ಅಂತ ಯಾರಿಗರೆ ಅನಿಸಿದ್ರ, ಅಥವಾ ನಿಮ್ಮ ಮುಂದ ಯಾರರೆ ಹಂಗ ಅಂದ್ರ, ನಕ್ಕು ಬಿಡಬ್ಯಾಡ್ರಿ. 14416ಕ್ಕ ಫೋನ್ ಹಚ್ಚ್ರಿ. ಟೆಲಿಮಾನಸ್ ಅಂತ ಸರ್ಕಾರದ್ದು, 2022ರಿಂದ ಅದ, ಹಗಲೂ ರಾತ್ರಿ ಎತ್ತತಾರ, ಕನ್ನಡದಾಗ ಮಾತಾಡತಾರ. ಮತ್ತ ಫೋನ್ ಇಟ್ಟ ಮ್ಯಾಲೆ ಅವತ್ತಿನ ರಾತ್ರಿ ಅವರ ಬಾಜೂಕ ಮಲಗ್ರಿ.

ಬರೋ ತಿಂಗಳ ಅತ್ತ್ಯಾನ ಮನ್ಯಾಗ ಶ್ರೀಮಂತ ಕಾರ್ಯ ಅದ, ಎಲ್ಲಾರೂ ಸಿಗತೀವಿ. ಆ ಪಂಕ್ತಿಯೊಳಗಿನ ಉಳದ ಆರು ಮಂದಿ ಯಾರರೆ ಇದನ್ನ ಓದಿದ್ರ, ನನ್ನ ಬಾಜೂಕ ಬಂದು ಕೂಡ್ರಿ. ಎಣ್ಣಿ ಹೆಸರು ನಾ ಹೇಳೂದಿಲ್ಲ, ಟೇಬಲ್ ಫ್ಯಾನ್ ಎಲ್ಲಿಂದ ತಂದೆ ಅಂತ ಬೇಕಾದ್ರ ಹೇಳತೀನಿ. ಉಪ್ಪಿನಕಾಯಿ ಮುಂದಿನ ವಾರ ಖರೆನ ಬರೀತೀನಿ.